ಕ್ವಾರ್ಟರ್‌ಬ್ಯಾಕ್ ಎಂದೇ ಬರೆದವನು

ಯಾವ ಕಾಲೇಜಿಗೆ ಹೋದರೂ ವೆರ್ನೆಲ್ ಟಾಲಿವರ್ ಮೊದಲು ಹುಡುಕಿಕೊಂಡು ಹೋಗುತ್ತಿದ್ದದ್ದು ಕೋಚನ್ನಲ್ಲ, ಅಮೆರಿಕನ್ ಫುಟ್‌ಬಾಲ್ ಆಟಗಾರರ ಬಟ್ಟೆ ಒಗೆಯುವವರನ್ನು. ಕೋಚ್ ತನ್ನ ಹುಡುಗರನ್ನು ಹೊಗಳಿಯೇ ಹೊಗಳುತ್ತಾನೆ. ಬಟ್ಟೆ ಒಗೆಯುವವರಿಗೆ ಆ ಹಂಗಿಲ್ಲ. ಕೆಸರಾದ ಜೆರ್ಸಿಯನ್ನು ಉಂಡೆ ಮಾಡಿ ಮೂಲೆಗೆ ಎಸೆಯುವವನು ಯಾರು, ಬಿಡಿಸಿ ಕೈಗೆ ಕೊಟ್ಟು ಹೋಗುವವನು ಯಾರು, ಸೋತ ದಿನ ಯಾರ ಮುಖ ಹೇಗಿರುತ್ತದೆ, ಎಲ್ಲ ಅವರಿಗೆ ಗೊತ್ತು.

೧೯೮೩ರ ಅಕ್ಟೋಬರ್‌ನಲ್ಲಿ ಲೂಸಿಯಾನಾದ ಟೆನ್ಸಾ ಕಾಲೇಜಿಗೆ ಹೋದಾಗಲೂ ಹಾಗೇ ಮಾಡಿದ. ಅದು ಹತ್ತಿ ಹೊಲಗಳ ನಡುವೆ ಇದ್ದ ಕರಿಯರ ಚಿಕ್ಕ ಕಾಲೇಜು. ಅಲ್ಲಿನ ಬಟ್ಟೆ ಕೋಣೆಯಲ್ಲಿ ಇಪ್ಪತ್ತು ವರ್ಷದಿಂದ ಇದ್ದ ಮಿಸ್ ಒರೀಥಾ, ಮಡಚುತ್ತಿದ್ದ ಟವೆಲ್‌ನಿಂದ ತಲೆ ಎತ್ತದೆಯೇ ಮಾತು ತೆಗೆದಳು.

"ಅಲಾಂಜೊ ರೈಡೌಟ್ ವಿಚಾರ ತಾನೆ?"

"ಹೇಗೆ ಗೊತ್ತಾಯ್ತು?"

"ಈ ವರ್ಷ ನೀವು ಐದನೆಯೋರು. ಮುಂಚೆ ಬಂದ ನಾಲ್ಕು ಜನಾನೂ ಇದೇ ಕಿಟಕಿ ಹತ್ರ ನಿಂತು, ಎಷ್ಟು ಜೋರಾಗಿ ಓಡ್ತಾನೆ ಅಂತ ಕೋಚ್‌ನ ಕೇಳ್ಕೊಂಡು ಹೋದ್ರು. ಎಸೀತಾನಾ ಅಂತ ಒಬ್ಬನೂ ಕೇಳಲಿಲ್ಲ."

"ನಾನು ಕೇಳ್ತೀನಿ."

"ನನ್ನ ಯಾಕೆ ಕೇಳ್ತೀರಿ? ನಾಳೆ ಮೈದಾನಕ್ಕೆ ಹೋಗಿ ನೋಡಿ. ನಂಗೊತ್ತಿರೋದು ಒಂದೇ. ಹೋದ ತಿಂಗಳು ಸೋತ್ವಲ್ಲ, ಕೊನೇ ಚೆಂಡು ಅವನು ಸರಿಯಾಗೇ ಎಸೆದಿದ್ದ. ಹಿಡಿಯೋನು ಕೈಬಿಟ್ಟ. ಪೇಪರ್‌ನೋರು ಕೇಳಿದ್ರೆ ಇವನು 'ನಾನೇ ಸ್ವಲ್ಪ ಎತ್ತರಕ್ಕೆ ಎಸೆದೆ' ಅಂದನಂತೆ. ಸುಳ್ಳು ಯಾಕೋ ಹೇಳ್ದೆ ಮಗನೇ ಅಂದೆ. 'ಮುಂದಿನ ಶನಿವಾರಾನೂ ಅವನಿಗೇ ಎಸೀಬೇಕಲ್ಲ, ಮಿಸ್ ಒರೀಥಾ' ಅಂದ."

ವೆರ್ನೆಲ್ ಆ ಮಾತನ್ನು ಚೀಟಿಯಲ್ಲಿ ಬರೆದು ಜೇಬಿಗಿಟ್ಟುಕೊಂಡ.

ಅವನಿಗೆ ಆಗ ನಲವತ್ತೈದು. ಉತ್ತರದ ಲೇಕ್‌ಪೋರ್ಟ್ ಮ್ಯಾರಿನರ್ಸ್ ತಂಡಕ್ಕೆ ದಕ್ಷಿಣದ ಮೂರು ರಾಜ್ಯಗಳ ಹುಡುಗರನ್ನು ನೋಡಿ ವರದಿ ಕಳಿಸುವ ಕೆಲಸ, ಹನ್ನೆರಡು ವರ್ಷದಿಂದ. ವರ್ಷಕ್ಕೊಮ್ಮೆ, ಮೇ ತಿಂಗಳ ಎರಡು ದಿನ, ವೃತ್ತಿ ತಂಡಗಳೆಲ್ಲ ಸರದಿಯ ಮೇಲೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುತ್ತವೆ. ಆ ಎರಡು ದಿನಗಳಿಗಾಗಿ ವೆರ್ನೆಲ್ ಉಳಿದ ದಿನಗಳನ್ನೆಲ್ಲ ಕಾರಿನಲ್ಲಿ ಕಳೆಯುತ್ತಿದ್ದ. ಹಿಂದಿನ ಸೀಟಿನಲ್ಲಿ ವರದಿಯ ಹಾಳೆಗಳ ಕಟ್ಟು, ಒಂದು ಕೊಡೆ, ಮೊಣಕಾಲಿಗೆ ಹಚ್ಚಿಕೊಳ್ಳುವ ಮುಲಾಮು.

ಮೊಣಕಾಲು ಹೋದದ್ದು ಆಟದಲ್ಲೇ. ಮಿಸಿಸಿಪ್ಪಿಯ ತನ್ನ ಕಾಲೇಜಿನಲ್ಲಿ ನಾಲ್ಕು ವರ್ಷ ಅವನು ಕ್ವಾರ್ಟರ್‌ಬ್ಯಾಕ್ ಆಗಿದ್ದ. ತಂಡದಲ್ಲಿ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್‌ನ ಕೈಗೆ. ಯಾರಿಗೆ, ಯಾವಾಗ ಎಸೆಯಬೇಕೆಂದು ನಿಂತ ನಿಲುವಿನಲ್ಲೇ ತೀರ್ಮಾನಿಸುವವನು ಅವನು. ಉಳಿದ ಹತ್ತು ಜನ ಅವನ ಬಾಯಿ ನೋಡುತ್ತಿರುತ್ತಾರೆ. ೧೯೬೦ರಲ್ಲಿ ಒಂದು ವೃತ್ತಿ ತಂಡ ಅವನನ್ನು ಕರೆಸಿಕೊಂಡಿತು. ಶಿಬಿರದ ಮೊದಲ ಬೆಳಿಗ್ಗೆ ಅಲ್ಲಿನ ಕೋಚ್ ಅವನನ್ನು ನಲವತ್ತು ಗಜ ಓಡಿಸಿದ, ಗಡಿಯಾರ ನೋಡಿದ, "ಹೋಗು, ಆ ಸಾಲಿಗೆ" ಎಂದು ಎದುರಾಳಿಯ ಚೆಂಡು ತಡೆಯುವವರ ಸಾಲಿಗೆ ಕೈತೋರಿಸಿದ. ವೆರ್ನೆಲ್ ಚೆಂಡು ಎಸೆಯುವುದನ್ನು ಆ ಮನುಷ್ಯ ಒಮ್ಮೆಯೂ ನೋಡಲಿಲ್ಲ. ಕ್ವಾರ್ಟರ್‌ಬ್ಯಾಕ್ ಆಗಲು ಬುದ್ಧಿ ಬೇಕು ಎನ್ನುತ್ತಿದ್ದರು. ಕರಿಯ ಹುಡುಗರಿಗೆ ಒಳ್ಳೆಯ ಕಾಲುಗಳಿವೆ ಎನ್ನುತ್ತಿದ್ದರು. ಎರಡನ್ನೂ ಜೋಡಿಸಿ ಯಾರೂ ಹೇಳುತ್ತಿರಲಿಲ್ಲ, ಹೇಳದೆಯೇ ಎಲ್ಲರಿಗೂ ಅರ್ಥವಾಗುತ್ತಿತ್ತು. ಮೂರು ವರ್ಷ ಆ ಸಾಲಿನಲ್ಲೇ ಆಡಿ, ಮೊಣಕಾಲು ಮುರಿದುಕೊಂಡು, ಊರಿಗೆ ಬಂದು ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದ. ಲೇಕ್‌ಪೋರ್ಟ್‌ನವರು ಕರೆದಾಗ ಎರಡು ಸಲ ಯೋಚಿಸಲಿಲ್ಲ.

ಮರುದಿನ ಟೆನ್ಸಾ ಮೈದಾನದಲ್ಲಿ ಬೇರೆ ತಂಡಗಳಿಂದ ಬಂದವರು ಮೇಲೆ ಗಾಜಿನ ಕೋಣೆಯಲ್ಲಿ ಕೂತರು. ವೆರ್ನೆಲ್ ಕರಿದ ಮೀನು ತುರುಕಿದ ಬ್ರೆಡ್ಡು ತಿನ್ನುತ್ತಾ ಕೆಳಗೆ ಬೇಲಿಗೆ ಒರಗಿ ನಿಂತ. ಎಸೆಯುವವನ ತೋಳನ್ನು ಯಾರು ಬೇಕಾದರೂ ನೋಡಬಹುದು; ಅವನು ನೋಡುತ್ತಿದ್ದದ್ದು ಪಾದಗಳನ್ನು. ಎರಡನೇ ಕ್ವಾರ್ಟರ್‌ನಲ್ಲಿ, ಅಂದರೆ ಆಟದ ಎರಡನೇ ಕಾಲುಭಾಗದಲ್ಲಿ, ರೈಡೌಟ್‌ಗೆ ಪಕ್ಕೆಯ ಕೆಳಗೆ ಎಂಥ ಪೆಟ್ಟು ಬಿತ್ತೆಂದರೆ ಹೆಲ್ಮೆಟ್ ಕಳಚಿ ಉರುಳಿತು. ಎದ್ದ, ಹೆಲ್ಮೆಟ್ ಹಾಕಿಕೊಂಡ. ವೆರ್ನೆಲ್ ಬ್ರೆಡ್ಡು ಅಗಿಯುವುದನ್ನು ನಿಲ್ಲಿಸಿದ. ಅವನಿಗೆ ಬೇಕಾದದ್ದು ಪೆಟ್ಟಿನ ನಂತರದ ಎಸೆತ. ಬಹಳ ಹುಡುಗರ ಪಾದಗಳು ಆಗ ಹಿಂದಕ್ಕೆ ಸರಿಯುತ್ತವೆ, ಅವರಿಗೇ ಗೊತ್ತಾಗದಂತೆ. ರೈಡೌಟ್ ನೆಟ್ಟ ಕಂಬದಂತೆ ನಿಂತ. ಪೆಟ್ಟು ಕೊಟ್ಟ ಅದೇ ದಡಿಯ ಮತ್ತೆ ಮೇಲೆ ಬೀಳಲು ಒಂದು ಹೆಜ್ಜೆ ಇರುವವರೆಗೂ ಕಾದು, ನಲವತ್ತು ಗಜದಾಚೆಗೆ, ಓಡುತ್ತಿದ್ದವನ ಎದೆಯ ಮಟ್ಟಕ್ಕೆ ಸರಿಯಾಗಿ ಎಸೆದ. ಎಡಕ್ಕೆ ಎಸೆಯುವಾಗ ಮಾತ್ರ ಮೊಣಕೈ ಇಳಿಯುತ್ತಿತ್ತು. ವೆರ್ನೆಲ್ ಅದನ್ನೂ ಗುರುತು ಹಾಕಿಕೊಂಡ.

ಭಾನುವಾರ ಚರ್ಚ್ ಮುಗಿದ ಮೇಲೆ ಖಾಲಿ ತರಗತಿಯೊಂದರಲ್ಲಿ ಹುಡುಗನ ಕೈಗೆ ಸೀಮೆಸುಣ್ಣ ಕೊಟ್ಟ.

"ನಿನ್ನೆ ಮೂರನೇ ಕ್ವಾರ್ಟರ್‌ನಲ್ಲಿ ಚೆಂಡನ್ನ ಎದುರಾಳಿ ಕೈಗೆ ಕೊಟ್ಟೆಯಲ್ಲ, ಆ ಆಟ ಬರಿ."

ರೈಡೌಟ್ ಬೋರ್ಡಿನ ಮೇಲೆ ತನ್ನ ಕಡೆಯ ಹನ್ನೊಂದು ಜನರನ್ನು ಚುಕ್ಕೆಗಳಿಂದ ಗುರುತಿಸಿದ. ಕೇಳದಿದ್ದರೂ ಎದುರಾಳಿಗಳ ಹನ್ನೊಂದನ್ನೂ ಗುರುತಿಸಿದ. ಆಮೇಲೆ ಒಂದು ಚುಕ್ಕೆಯನ್ನು ಬೆರಳಿಂದ ಉಜ್ಜಿ ಬೇರೆ ಕಡೆ ಇಟ್ಟ.

"ಇವನು ಅಲ್ಲಿ ಇರಬಾರದಿತ್ತು ಸರ್. ಎಡವಿ ಬಿದ್ದ. ಏಳೋ ಹೊತ್ತಿಗೆ ಚೆಂಡು ಬರೋ ದಾರೀಲೇ ಇದ್ದ."

"ಅಂದ್ರೆ ತಪ್ಪು ನಿನ್ನದಲ್ಲ ಅಂತೀಯ."

"ನಂದೇ ಸರ್. ಬಿದ್ದೋನು ಏಳ್ತಾನೆ ಅಂತ ಲೆಕ್ಕ ಇಟ್ಕೋಬೇಕಿತ್ತು. ಬಿದ್ದ ಅಂತ ಅವನನ್ನ ಮರೆತುಬಿಟ್ಟೆ."

ವೆರ್ನೆಲ್ ಟೋಪಿ ಹಾಕಿಕೊಂಡು ಎದ್ದ. ಹನ್ನೆರಡು ವರ್ಷದಲ್ಲಿ ಅವನು ಯಾವ ಹುಡುಗನಿಗೂ 'ಚೆನ್ನಾಗಿದೆ' ಎಂದವನಲ್ಲ. ಅಂದೂ ಅನ್ನಲಿಲ್ಲ. ಕೈ ಕುಲುಕಿ ಹೊರಟ.

ಅವನ ಅಕ್ಷರ ಅವನಿಗೇ ಓದಲು ಬಾರದ್ದು. ಹಾಗಾಗಿ ವರದಿಗಳನ್ನು ಟೈಪ್ ಮಾಡುತ್ತಿದ್ದವಳು ಹೆಂಡತಿ ಯೂಲಾ. ಅವಳು ಹೈಸ್ಕೂಲಿನಲ್ಲಿ ಟೈಪಿಂಗ್ ಕಲಿಸುವ ಟೀಚರು. ಹಾಳೆಯ ಮೇಲ್ಗಡೆ ಬಲಕ್ಕೆ ಒಂದು ಖಾನೆ ಇತ್ತು: ವೃತ್ತಿ ತಂಡದಲ್ಲಿ ಯಾವ ಸ್ಥಾನ ಎಂದು ಬರೆಯುವ ಜಾಗ.

"ಇಲ್ಲೇನು ಹಾಕಲಿ?" ಎಂದಳು.

"ಕ್ವಾರ್ಟರ್‌ಬ್ಯಾಕ್."

ಯೂಲಾ ಕೈ ತಡೆದು ಗಂಡನ ಮುಖ ನೋಡಿದಳು. ಆಮೇಲೆ ಟೈಪ್ ಮಾಡಿದಳು.

ಹತ್ತು ದಿನದಲ್ಲಿ ವರದಿ ವಾಪಸು ಬಂತು. ಆ ಪದದ ಮೇಲೆ ಕೆಂಪು ಗೀಟು, ಪಕ್ಕದಲ್ಲಿ 'ರಿಸೀವರ್'. ರಿಸೀವರ್ ಎಂದರೆ ಓಡಿ ಹೋಗಿ ಚೆಂಡು ಹಿಡಿಯುವವನು. ಗೀಟು ಹಾಕಿದವನು ಲೇಕ್‌ಪೋರ್ಟ್‌ನಲ್ಲಿ ಆಯ್ಕೆ ವಿಭಾಗದ ಮುಖ್ಯಸ್ಥ ರಾಯ್ ಹೇವರ್‌ಕ್ಯಾಂಪ್. ಅವನೂ ಕೆಟ್ಟವನೇನಲ್ಲ. ವೆರ್ನೆಲ್‌ನ ತಾಯಿ ತೀರಿಕೊಂಡಾಗ ಅಷ್ಟು ದೂರದಿಂದ ಬಂದು ಚರ್ಚಿನ ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದವನು.

"ನಾನು ಟೈಪ್ ಮಾಡಿದ್ದನ್ನ ಗೀಚೋಕೆ ಅವನ್ಯಾರು?" ಎಂದು ಯೂಲಾ ಟೈಪ್‌ರೈಟರಿಗೆ ಹೊಸ ಹಾಳೆ ಏರಿಸಿದಳು. ಈ ಸಲ ಆ ಪದವನ್ನು ದೊಡ್ಡಕ್ಷರದಲ್ಲಿ, ಒಂದರ ಮೇಲೊಂದರಂತೆ ಮೂರು ಸಲ ಬಡಿದಳು. ಖಾನೆ ಕಪ್ಪಗಾಯಿತು.

ಅದು ತಲುಪಿದ ದಿನವೇ ಫೋನ್ ಬಂತು.

"ವೆರ್ನೆಲ್, ಏನಪ್ಪಾ ಇದು? ಹಾಳೆ ತೂತು ಬೀಳೋ ಹಾಗೆ ಬರೆದಿದೀಯಲ್ಲ."

"ಓದೋಕೆ ಕಷ್ಟ ಆಯ್ತೇನೋ ಅಂದ್ಕೊಂಡೆ, ರಾಯ್. ಅದಕ್ಕೇ ದಪ್ಪಗೆ ಬರೆಸಿದೆ."

"ನಾನೇನು ಆ ಹುಡುಗ ಬೇಡ ಅಂದ್ನಾ? ಬೇಕು ಅಂತಿದೀನಿ. ಚಿರತೆ ಹಾಗೆ ಓಡ್ತಾನೆ. ಅವನ ಒಳ್ಳೇದಕ್ಕೇ ಹೇಳ್ತಿರೋದು."

"ಎಸೆಯೋದು ನೋಡಿದೀಯಾ?"

"ಫಿಲ್ಮ್ ನೋಡಿದೆ. ಎಡಕ್ಕೆ ಮೊಣಕೈ ಇಳಿಯುತ್ತೆ."

"ಅದನ್ನ ಬರೆದೋನೂ ನಾನೇ. ನಾನು ಬರೆದ ತಪ್ಪು ಮಾತ್ರ ನಿಂಗೆ ಕಾಣುತ್ತೆ, ಬರೆದ ಪದ ಕಾಣಲ್ಲ."

"ಫೆಬ್ರವರೀಲಿ ಡೆನ್ನಿನ ಕಳಿಸ್ತೀನಿ. ಅವನೇ ನೋಡ್ಲಿ," ಎಂದ ಹೇವರ್‌ಕ್ಯಾಂಪ್.

ಡೆನ್ನಿ ಕ್ರೋಲ್ ಲೇಕ್‌ಪೋರ್ಟ್ ತಂಡದಲ್ಲಿ ರಿಸೀವರ್‌ಗಳನ್ನು ತಯಾರು ಮಾಡುವ ಕೋಚ್. ಅವನನ್ನೇ ಆರಿಸಿ ಕಳಿಸಿದ್ದರಲ್ಲೇ ವಿಷಯ ಇತ್ತು. ಫೆಬ್ರವರಿಯ ಒಂದು ಬೆಳಿಗ್ಗೆ, ಮೈದಾನ ಒದ್ದೆಯಾಗಿ ಗಾಳಿ ಕೊರೆಯುತ್ತಿರುವಾಗ, ಕ್ರೋಲ್ ಬಂದಿಳಿದ. ಕೈಯಲ್ಲಿ ಸ್ಟಾಪ್‌ವಾಚ್, ಚೆಂಡಿಲ್ಲ. ಟೆನ್ಸಾದ ಚೆಂಡು ಹಿಡಿಯುವ ಹುಡುಗರು ತರಗತಿಗಳಲ್ಲಿದ್ದರು. ಅವರನ್ನು ಕರೆಸುವಂತೆ ಯಾರೂ ಹೇಳಿರಲಿಲ್ಲ. ಕ್ರೋಲ್ ನಲವತ್ತು ಗಜ ಅಳೆಯುತ್ತಿರುವಾಗ ರೈಡೌಟ್ ಬೇಲಿಯ ಬಳಿ ನಿಂತಿದ್ದ ವೆರ್ನೆಲ್‌ನ ಹತ್ತಿರ ಬಂದ.

"ಓಡ್ಲಾ ಸರ್?"

ವೆರ್ನೆಲ್ ತಿನ್ನುತ್ತಿದ್ದದ್ದು ಲೇಕ್‌ಪೋರ್ಟ್‌ನ ಅನ್ನ. ಓಡು ಎನ್ನುವುದೇ ಅವನ ಕೆಲಸ.

"ನಾನೂ ಒಂದಿನ ಹೀಗೇ ನಿಂತಿದ್ದೆ," ಎಂದ. "ಓಡು ಅಂದ್ರು, ಓಡಿದೆ. ತುಂಬಾ ಚೆನ್ನಾಗಿ ಓಡಿದೆ. ಅಲ್ಲಿಗೆ ಮುಗೀತು, ಆಮೇಲೆ ಯಾರೂ ನನ್ನ ಕೈಗೆ ಚೆಂಡು ಕೊಡಲಿಲ್ಲ. ನೀನೇನು ಮಾಡಬೇಕು ಅಂತ ನಾನು ಹೇಳಲ್ಲ. ನನಗಾಗಿದ್ದು ಹೇಳಿದೆ."

ರೈಡೌಟ್ ತನ್ನ ಚೆಂಡುಗಳ ಚೀಲ ಎತ್ತಿಕೊಂಡು ಗೆರೆಯವರೆಗೆ ನಡೆದುಹೋದ. "ನಾನು ಓಡಲ್ಲ ಸರ್," ಎಂದ ಕ್ರೋಲ್‌ಗೆ. "ನಾನು ಕ್ವಾರ್ಟರ್‌ಬ್ಯಾಕ್. ಎಸೆಯೋದು ನೋಡ್ತೀನಿ ಅಂದ್ರೆ ಎಷ್ಟು ಬೇಕಾದ್ರೂ ಎಸೀತೀನಿ."

"ಯಾರಿಗೆ ಎಸೀತೀಯೋ? ಗಾಳಿಗಾ?"

"ನನಗೆ," ಎಂದ ವೆರ್ನೆಲ್.

ಕೋಟು ಬಿಚ್ಚಿದ, ಟೋಪಿ ತೆಗೆದ, ನೋಡಲು ಬಂದಿದ್ದ ಮಿಸ್ ಒರೀಥಾಳ ತೋಳಿಗೆ ಎರಡನ್ನೂ ಹೇರಿದ. ಪಾಲಿಶ್ ಹಾಕಿದ ಬೂಟುಗಳಲ್ಲೇ ಮೈದಾನಕ್ಕಿಳಿದ.

"ಅಯ್ಯೋ ದೇವರೇ, ಈ ಮುದುಕಪ್ಪಂಗೆ ಏನು ಬಂತು!" ಎಂದಳು ಮಿಸ್ ಒರೀಥಾ. "ಬಿದ್ದು ಸೊಂಟ ಮುರ್ಕೊಂಡ್ರೆ ನಿಮ್ಮ ಹೆಂಡ್ತಿಗೆ ನಾನು ಉತ್ತರ ಹೇಳಲ್ಲ, ನೋಡಿ!"

ವೆರ್ನೆಲ್ ಕುಂಟುತ್ತಾ ಹತ್ತು ಗಜ ಓಡಿ ತಿರುಗಿದ; ಚೆಂಡು ಆಗಲೇ ಅಲ್ಲಿತ್ತು. ಇಪ್ಪತ್ತು ಗಜ ಓಡಿದ, ಚೆಂಡು ಭುಜದ ಮೇಲಿಂದ ಬಂದು ಕೈಯಲ್ಲಿ ಕೂತಿತು. ಎಡಕ್ಕೆ ಓಡಿದ. ಹುಡುಗ ಚಳಿಗಾಲವಿಡೀ ಅದನ್ನೇ ತಿದ್ದಿಕೊಂಡಿದ್ದನೇನೋ, ಮೊಣಕೈ ಒಂದಿಷ್ಟೂ ಇಳಿಯಲಿಲ್ಲ. ಮೂವತ್ತೊಂದು ಚೆಂಡು ಬಂದವು. ವೆರ್ನೆಲ್ ಇಪ್ಪತ್ತಾರು ಹಿಡಿದ. ಬಿಟ್ಟ ಐದರಲ್ಲಿ ಒಂದೂ ಎಸೆದವನ ತಪ್ಪಲ್ಲ. ಕೊನೆಯದು ಉಂಗುರಬೆರಳಿಗೆ ನೇರ ಬಡಿದು ಗಿಣ್ಣು ಪಕ್ಕಕ್ಕೆ ಸರಿಯಿತು. ಅವನು ಹಲ್ಲು ಕಚ್ಚಿ ಅದನ್ನು ತಾನೇ ಎಳೆದು ಕೂರಿಸಿ, "ಇನ್ನೊಂದು!" ಎಂದು ಕೂಗಿದ.

"ಸಾಕು ಬಿಡಿ," ಎಂದ ಕ್ರೋಲ್. ಸ್ಟಾಪ್‌ವಾಚ್ ಒಮ್ಮೆಯೂ ಓಡಿರಲಿಲ್ಲ. ಮಿಸ್ ಒರೀಥಾ ಟವೆಲ್ ಹರಿದು ಬೆರಳಿಗೆ ಸುತ್ತುತ್ತಿದ್ದಾಗ ಅವನು ಹತ್ತಿರ ಬಂದು ದನಿ ತಗ್ಗಿಸಿದ. "ಹುಡುಗ ಚೆನ್ನಾಗಿ ಎಸೀತಾನೆ. ನಾನು ಹಾಗಂದೆ ಅಂತ ಮಾತ್ರ ಯಾರಿಗೂ ಹೇಳಬೇಡ, ಟಾಲಿವರ್."

"ಯಾಕೆ ಹೇಳಬಾರದು?"

ಕ್ರೋಲ್ ಸ್ಟಾಪ್‌ವಾಚನ್ನು ಜೇಬಿಗೆ ಹಾಕಿಕೊಂಡು ಕಾರಿನ ಕಡೆ ಹೋದ.

ಮೇ ತಿಂಗಳ ಆಯ್ಕೆಯ ದಿನ ಲೇಕ್‌ಪೋರ್ಟ್ ಕಚೇರಿಯಲ್ಲಿ ಹದಿನಾಲ್ಕು ಜನ ಉದ್ದನೆಯ ಮೇಜಿನ ಸುತ್ತ ಕೂತಿದ್ದರು. ಗೋಡೆಯ ಮೇಲೆ ಹುಡುಗರ ಹೆಸರಿನ ಕಾರ್ಡುಗಳು, ಸ್ಥಾನದ ಪ್ರಕಾರ ಸಾಲು ಸಾಲಾಗಿ. ರೈಡೌಟ್‌ನ ಕಾರ್ಡು ರಿಸೀವರ್‌ಗಳ ಸಾಲಿನಲ್ಲಿ, ಮೇಲಿಂದ ಮೂರನೆಯದು. ವೆರ್ನೆಲ್ ಎದ್ದುಹೋಗಿ ಅದನ್ನು ಕಿತ್ತು ಕ್ವಾರ್ಟರ್‌ಬ್ಯಾಕ್ ಸಾಲಿನಲ್ಲಿ ಸಿಕ್ಕಿಸಿದ. ಹೇವರ್‌ಕ್ಯಾಂಪ್ ಎದ್ದು ಮತ್ತೆ ಮೊದಲಿನ ಜಾಗಕ್ಕಿಟ್ಟ. ವೆರ್ನೆಲ್ ಮತ್ತೆ ಕಿತ್ತ. ಯಾರೋ ಕಿಸಕ್ಕೆಂದರು.

ಮೇಜಿನ ತಲೆಯಲ್ಲಿ ಕೂತಿದ್ದ ತಂಡದ ವ್ಯವಸ್ಥಾಪಕ ಸ್ಟ್ರೌಡ್ ಕನ್ನಡಕ ತೆಗೆದ. "ಮೂರನೇ ಸುತ್ತಲ್ಲಿ ಇವನನ್ನ ರಿಸೀವರ್ ಅಂತ ಕರೆಯೋಣ ಅಂತಿದೀವಿ. ಕಾರ್ಡ್ ಎಲ್ಲಿದ್ರೆ ನಿನಗೇನಪ್ಪಾ?"

"ರಿಸೀವರ್ ಅಂತ ಕರೆದ್ರೆ ಅವನು ಬರಲ್ಲ ಸರ್. ನಾನೇ ಫೋನ್ ಮಾಡಿ ಬರಬೇಡ ಅಂತೀನಿ."

ಸ್ಟ್ರೌಡ್ ಮುಂದಿದ್ದ ಪಟ್ಟಿಯನ್ನು ಪಕ್ಕಕ್ಕೆ ಸರಿಸಿದ.

"ನೀನು ಯಾರ ಕೆಲಸದಲ್ಲಿದೀಯ, ಟಾಲಿವರ್?"

"ನಿಮ್ಮ ಕೆಲಸದಲ್ಲೇ. ನಾನು ಆರಿಸಿಕೊಟ್ಟ ಹದಿನೇಳು ಜನ ನಿಮ್ಮ ತಂಡದಲ್ಲಿ ಆಡಿದಾರೆ. ಅದರಲ್ಲಿ ನಾಲ್ಕು ಜನ ಕಾಲೇಜಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದೋರು. ಬದಲಾಯಿಸಿ ಬರಿ ಅಂತ ರಾಯ್ ಅಂದ, ನಾನು ಬರೆದೆ. ನಾಲ್ಕು ಸಲಾನೂ ಈ ಕೈಯಲ್ಲೇ ಬರೆದೆ." ಅವನು ವಕ್ರವಾಗಿ ಕೂಡಿಕೊಂಡಿದ್ದ ಬೆರಳಿನ ಆ ಕೈಯನ್ನು ಮೇಜಿನ ಮೇಲಿಟ್ಟ. "ನನ್ನನ್ನ ಆ ಸಾಲಿಗೆ ಕಳಿಸಿದೋನು ಗಡಿಯಾರ ಹಿಡ್ಕೊಂಡು ನಿಂತಿದ್ದ. ಈ ಹುಡುಗರನ್ನ ಕಳಿಸಿದೋನು ನಾನು, ಪೆನ್ನು ಹಿಡ್ಕೊಂಡು. ಅವನಿಗೂ ನನಗೂ ಏನು ವ್ಯತ್ಯಾಸ? ಐದನೆಯವನದನ್ನ ನಾನು ಬರೆಯಲ್ಲ ಸರ್. ನೀವೇನು ಮಾಡ್ಕೋತೀರೋ ಮಾಡ್ಕೊಳ್ಳಿ."

ಹೇವರ್‌ಕ್ಯಾಂಪ್ ಕಿಟಕಿಯ ಕಡೆ ನೋಡುತ್ತಿದ್ದ. ಸ್ಟ್ರೌಡ್ ಕನ್ನಡಕ ಹಾಕಿಕೊಂಡು, "ಮುಂದಿನ ಹೆಸರು," ಎಂದ.

ಲೇಕ್‌ಪೋರ್ಟ್ ರೈಡೌಟ್‌ನನ್ನು ಕರೆಯಲಿಲ್ಲ. ಬೇರೆ ಯಾರೂ ಕರೆಯಲಿಲ್ಲ. ಹನ್ನೆರಡು ಸುತ್ತು ಮುಗಿದವು. ಎರಡನೇ ದಿನ ಸಂಜೆ ವೆರ್ನೆಲ್ ಕಚೇರಿಯಿಂದಲೇ ಲೂಸಿಯಾನಾಗೆ ಫೋನ್ ಮಾಡಿದ. ರೈಡೌಟ್ ಅಜ್ಜಿಯ ಮನೆಯಲ್ಲಿ ನೆಂಟರಿಷ್ಟರ ನಡುವೆ ಎರಡು ದಿನದಿಂದ ಫೋನಿನ ಪಕ್ಕದಲ್ಲೇ ಕೂತಿದ್ದ. ವೆರ್ನೆಲ್ ಸುತ್ತಿಬಳಸಲಿಲ್ಲ.

"ನಮ್ಮೋರು ನಿನ್ನನ್ನ ಮೂರನೇ ಸುತ್ತಲ್ಲಿ ರಿಸೀವರ್ ಅಂತ ತಗೊಳ್ತಿದ್ರು. ನಾನು ತಡೆದೆ. ಕರೆದ್ರೂ ಬರಲ್ಲ ಅಂದೆ."

ಆ ಕಡೆ ಯಾರೋ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

"ನನ್ನನ್ನ ಕೇಳದೇನಾ ಸರ್?"

ಹದಿನಾಲ್ಕು ಜನರೆದುರು ಎದೆ ಸೆಟೆಸಿ ನಿಂತವನಿಗೆ ಇದು ಹೊಳೆದೇ ಇರಲಿಲ್ಲ. ಹುಡುಗನಿಗೆ ಏನು ಬೇಕೆಂದು ಅವನೂ ಕೇಳಿರಲಿಲ್ಲ.

"ಕೇಳಲಿಲ್ಲ," ಎಂದ. "ತಪ್ಪಾಯ್ತು."

ಫೋನ್ ಕಟ್ಟಾಯಿತು.

ಮೂರು ದಿನ ವೆರ್ನೆಲ್ ಊಟ ಸೇರದೆ ಓಡಾಡಿದ. ನಾಲ್ಕನೇ ದಿನ ಬೆಳಿಗ್ಗೆ ಮನೆಗೆ ಫೋನ್ ಬಂತು.

"ಅಜ್ಜಿ ಒಂದು ಮಾತು ಕೇಳಿದ್ರು ಸರ್," ಎಂದ ರೈಡೌಟ್. "ಅವರು ನಿನ್ನ ಕೇಳಿದ್ದಿದ್ರೆ ಏನಂತಿದ್ದೆ ಅಂತ. ಯೋಚನೆ ಮಾಡಿದೆ. ನಾನೂ ಅದನ್ನೇ ಅಂತಿದ್ದೆ." ಆಮೇಲೆ ಸೇರಿಸಿದ, "ಆದ್ರೂ ನೀವು ಕೇಳಬೇಕಿತ್ತು."

"ಕೇಳಬೇಕಿತ್ತು," ಎಂದು ವೆರ್ನೆಲ್ ಒಪ್ಪಿಕೊಂಡ. "ಈಗ ಕೇಳ್ತೀನಿ. ಕೆನಡಾಕ್ಕೆ ಹೋಗ್ತೀಯಾ? ಅಲ್ಲಿ ಕರಿಯರು ಕ್ವಾರ್ಟರ್‌ಬ್ಯಾಕ್ ಆಡ್ತಾರೆ. ಚಳಿ ಮಾತ್ರ ಪ್ರಾಣ ತೆಗೆಯುತ್ತೆ."

ಜೂನ್‌ನಲ್ಲಿ ಲೇಕ್‌ಪೋರ್ಟ್‌ನಿಂದ ಕಾಗದ ಬಂತು. ಎರಡೇ ಸಾಲು: ಅವನ ಸೇವೆ ಇನ್ನು ಬೇಕಾಗಿಲ್ಲ. ಹೇವರ್‌ಕ್ಯಾಂಪ್‌ನ ಸಹಿ ಇತ್ತು. ಪಕ್ಕದಲ್ಲಿ ಕೈಯಿಂದ ಏನೋ ಬರೆಯಹೊರಟು ಹೊಡೆದುಹಾಕಿದ ಗುರುತೂ ಇತ್ತು. ವೆರ್ನೆಲ್ ಅದನ್ನು ಬೆಳಕಿಗೆ ಹಿಡಿದು ನೋಡಲೂ ಹೋಗಲಿಲ್ಲ. ಯೂಲಾ ಅಷ್ಟರಲ್ಲಿ ಕೆನಡಾದ ಪಶ್ಚಿಮದ ಮೂರು ತಂಡಗಳಿಗೆ ಫಿಲ್ಮ್ ಸುರುಳಿಗಳನ್ನೂ ಅದೇ ವರದಿಯನ್ನೂ ಅಂಚೆಗೆ ಹಾಕಿಯಾಗಿತ್ತು. ಒಂದು ತಂಡ ರೈಡೌಟ್‌ನನ್ನು ಕರೆಸಿಕೊಂಡಿತು.

ವೆರ್ನೆಲ್ ಮತ್ತೆ ಹೈಸ್ಕೂಲಿಗೆ ಹೋಗಿ ನದಿಗಳ ಹೆಸರು ಹೇಳಿಕೊಡತೊಡಗಿದ, ಸಂಜೆ ಮಕ್ಕಳಿಗೆ ಆಟ ಕಲಿಸಿದ. ರೈಡೌಟ್ ಮೊದಲ ವರ್ಷ ಬೆಂಚಿನಲ್ಲೇ ಕೂತ. ಎರಡನೇ ವರ್ಷ ಆಡಲು ಬಿಟ್ಟರು, ಕೆಟ್ಟದಾಗಿ ಆಡಿದ. ಆ ಸುದ್ದಿ ಹೇಗೋ ಊರಿನ ಕ್ಷೌರದಂಗಡಿಗೆ ಮುಟ್ಟಿತು.

"ಏನು ಟಾಲಿವರ್," ಎಂದ ಕ್ಷೌರಿಕ ಕ್ಲಿಯೋಫಸ್, ಕುರ್ಚಿಯಲ್ಲಿ ಕೂತವರೆಲ್ಲ ಕೇಳಲಿ ಎಂದು. "ನಿನ್ನ ಕ್ವಾರ್ಟರ್‌ಬ್ಯಾಕು ಹಿಮದಲ್ಲಿ ಚೆಂಡು ಹೂತಿಡ್ತಿದಾನಂತೆ? ಆ ಹುಡುಗನಿಗೋಸ್ಕರ ಅಂಥ ಕೆಲಸ ಕಳ್ಕೊಂಡೆಯಲ್ಲೋ!"

"ಕಳ್ಕೊಂಡೆ. ಏನೀಗ?"

"ಅವನು ಚೆನ್ನಾಗಿ ಆಡಿದ್ರೆ ಒಂದು ಮಾತು."

"ಚೆನ್ನಾಗಿ ಆಡಲಿ ಅಂತ ನಾನು ಬರೆಯಲಿಲ್ಲ ಕ್ಲಿಯೋ. ಕೆಟ್ಟದಾಗಿ ಆಡೋ ಬಿಳಿ ಕ್ವಾರ್ಟರ್‌ಬ್ಯಾಕ್‌ಗಳು ನೂರು ಜನ ಬಂದು ಹೋದ್ರು, ಅವರನ್ನ ಯಾರಾದ್ರೂ ಸಾಲು ಬದಲಾಯಿಸಿದ್ರಾ? ನಮ್ಮ ಹುಡುಗನೂ ಕ್ವಾರ್ಟರ್‌ಬ್ಯಾಕ್ ಆಗಿ ಕೆಟ್ಟದಾಗಿ ಆಡ್ಲಿ. ನೀನು ಕತ್ತರಿ ಕಡೆ ನೋಡು, ನನ್ನ ಕಿವಿ ಉಳಿಸು."

ಮೂರನೇ ವರ್ಷದಿಂದ ರೈಡೌಟ್ ಸುಧಾರಿಸಿದ. ಒಟ್ಟು ಎಂಟು ವರ್ಷ ಅಲ್ಲಿ ಆಡಿದ. ಒಮ್ಮೆ ತಂಡವನ್ನು ಕೊನೆಯ ಪಂದ್ಯದವರೆಗೂ ಒಯ್ದ. ಕೊನೆಯ ಪಂದ್ಯ ಗೆಲ್ಲಲಿಲ್ಲ.

೧೯೮೮ರ ಅಕ್ಟೋಬರ್‌ನಲ್ಲಿ ವೆರ್ನೆಲ್ ಮತ್ತು ಯೂಲಾ ಮೊದಲ ಸಲ ಅವನ ಆಟ ನೋಡಲು ಹೋದರು. ಇದ್ದ ಸ್ವೆಟರನ್ನೆಲ್ಲ ಒಂದರ ಮೇಲೊಂದು ಹಾಕಿಕೊಂಡು, ಕಂಬಳಿ ಹೊದ್ದು, ಮಧ್ಯಾಹ್ನದ ಬಿಸಿಲಿನಲ್ಲೂ ನಡುಗುತ್ತಾ ಕೂತರು. ಸುತ್ತಲಿದ್ದ ಬಿಳಿಯರ ಮಕ್ಕಳು ಕೆಲವರು ರೈಡೌಟ್‌ನ ಹೆಸರಿದ್ದ ಜೆರ್ಸಿ ತೊಟ್ಟಿದ್ದರು. ಯೂಲಾ ಅವರನ್ನು ನೋಡಿ ಕಣ್ಣೊರೆಸಿಕೊಂಡಳು. ಚಳಿಗೆ ಕಣ್ಣಲ್ಲಿ ನೀರು ಬರುತ್ತಿದೆ ಎಂದಳು. ರೈಡೌಟ್‌ನ ತಂಡ ನಾಲ್ಕು ಅಂಕಗಳಿಂದ ಸೋತಿತು.

ಆಟ ಮುಗಿದ ಮೇಲೆ ಅವನು ಅವರನ್ನು ಊಟಕ್ಕೆ ಕರೆದೊಯ್ದ. ಇಪ್ಪತ್ತಾರು ವರ್ಷದ, ಗಡ್ಡ ಬಿಟ್ಟ, ಅಗಲ ಭುಜದ ಗಂಡಸು. ಮಾಂಸದ ತಟ್ಟೆಗಳು ಬಂದವು. ಯೂಲಾ ದೇವರಿಗೆ ವಂದನೆ ಹೇಳಿ ಮುಗಿಸುವುದನ್ನೇ ಕಾಯುತ್ತಿದ್ದವನಂತೆ ವೆರ್ನೆಲ್ ಶುರುಮಾಡಿದ.

"ಕೊನೇ ಕ್ವಾರ್ಟರ್‌ನಲ್ಲಿ ಆ ಉದ್ದದ ಎಸೆತ. ಅದ್ಯಾಕೆ ಎಸೆದೆ?"

"ಹಿಡಿಯೋನ ಹತ್ರ ಯಾರೂ ಇರಲಿಲ್ಲ ಸರ್."

"ಯಾರೂ ಇರಲಿಲ್ವಾ? ಇಬ್ಬರು ಬೆನ್ನಿಗಂಟಿದ್ರು. ಹತ್ತಿರದಲ್ಲಿ ಆ ಗುಜ್ಜ ಒಬ್ಬನೇ ಕೈ ಬೀಸ್ತಿದ್ದ."

"ನೀವು ಕೂತಿದ್ದ ಜಾಗದಿಂದ ಹಾಗೆ ಕಂಡಿರುತ್ತೆ."

"ಮೂವತ್ತು ವರ್ಷದಿಂದ ನೋಡ್ತಿದೀನಿ ಕಣೋ!"

"ನಾನು ಇಪ್ಪತ್ತು ವರ್ಷದಿಂದ ಎಸೀತಿದೀನಿ," ಎಂದ ರೈಡೌಟ್, ಚಾಕು ಕೆಳಗಿಟ್ಟು. "ಅದೇ ಎಸೆತ ಮುಂದಿನ ವಾರ ಮತ್ತೆ ಎಸೀತೀನಿ. ನೋಡ್ತಿರಿ."

"ಎಸಿ. ಮತ್ತೆ ಸೋಲ್ತೀಯ."

"ಸೋತ್ರೆ ನಾನು ಸೋಲ್ತೀನಿ ಸರ್, ನಿಮಗೇನು?"

ವೆರ್ನೆಲ್ ಏನೋ ಹೇಳಲು ಬಾಯಿ ತೆರೆದವನು ತಟ್ಟನೆ ನಕ್ಕುಬಿಟ್ಟ, ಮೇಜು ಅಲ್ಲಾಡುವಂತೆ. ರೈಡೌಟ್‌ಗೂ ನಗು ತಡೆಯಲಾಗಲಿಲ್ಲ. ಆದರೂ ಇಬ್ಬರೂ ಒಬ್ಬರ ಮಾತನ್ನೊಬ್ಬರು ಒಪ್ಪಲಿಲ್ಲ. ಯೂಲಾ ಇನ್ನೊಂದು ಕಾಫಿ ತರಿಸಿಕೊಂಡು, ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಆರಾಮಾಗಿ ಕೂತಳು.